ಮಲೆನಾಡಿನ ನಕ್ಸಲ್ ಚಳವಳಿ ಯಾಕೆ ಹುಟ್ಟಿತು, ಹೇಗೆ ಮುಗಿಯಿತು: ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಫೆಬ್ರವರಿ 2ರಂದು, ನಕ್ಸಲ್ (ಮಾವೋವಾದಿ) ತಂಡದಲ್ಲಿದ್ದ ತೊಂಬಟ್ಟು ಲಕ್ಷ್ಮಿ ಉಡುಪಿಯಲ್ಲಿ ಶರಣಾದರು. ಕರ್ನಾಟಕ ಇನ್ನು ನಕ್ಸಲ್‌ಮುಕ್ತ ಎಂದಿತು ಸರ್ಕಾರ. ಅಲ್ಲಿಂದ ಈಚೆಗೆ ಬಯಲುಸೀಮೆಯ ಸ್ನೇಹಿತರು, ಊರು ಬಿಟ್ಟು ಬೆಂಗಳೂರು ಸೇರಿದ ನಮ್ಮ ಕಡೆಯ ಹುಡುಗರು, ಕಾಲೇಜಿನ ಪ್ರಾಜೆಕ್ಟಿಗೆ ವಿಷಯ ಹುಡುಕುವ ಮಕ್ಕಳು ಕೇಳುವುದೆಲ್ಲ ಹೆಚ್ಚುಕಮ್ಮಿ ಒಂದೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಫೋನಿನಲ್ಲಿ ಮೊದಲಿಂದ ಹೇಳುವುದಕ್ಕಿಂತ ಒಂದು ಕಡೆ ಬರೆದಿಡುವುದು ವಾಸಿ ಅನಿಸಿತು. ನಾನು ತುಂಗೆಯ ದಡದವನು. ಊರಿನ ಮೇಲಿನ ಮಮಕಾರ ಅಲ್ಲಲ್ಲಿ ಇಣುಕಿದರೆ ಸಹಿಸಿಕೊಳ್ಳಿ.

ನಕ್ಸಲರೆಂದರೆ ಆಂಧ್ರ, ಛತ್ತೀಸಗಢ. ಅಡಿಕೆ, ಕಾಫಿ ಬೆಳೆಯುವ ಸೀಮೆಗೆ ಯಾಕೆ ಬಂದರು?

ಹೆಸರು ಬಂದದ್ದು ಪಶ್ಚಿಮ ಬಂಗಾಳದ ನಕ್ಸಲ್‌ಬಾರಿಯಿಂದ. ಅಲ್ಲಿ ರೈತರು ದಂಗೆ ಎದ್ದದ್ದು 1967ರಲ್ಲಿ. ಕರ್ನಾಟಕದಲ್ಲಿ ಇವರ ಓಡಾಟ ಮೊದಲು ಇದ್ದದ್ದು ಆಂಧ್ರದ ಗಡಿಗೆ ಅಂಟಿಕೊಂಡ ರಾಯಚೂರು, ಪಾವಗಡದ ಕಡೆ. ಮಲೆನಾಡಿನಲ್ಲಿ ಇದ್ದಾರೆಂದು ನಾಡಿಗೆಲ್ಲ ಗೊತ್ತಾದದ್ದು 2003ರ ನವೆಂಬರಿನಲ್ಲಿ, ಕಾರ್ಕಳ ತಾಲೂಕಿನ ಈದುವಿನಲ್ಲಿ ಹಾಜಿಮಾ, ಪಾರ್ವತಿ ಎಂಬ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತಾಗ.

ನನ್ನ ಅಭಿಪ್ರಾಯ ಕೇಳಿದರೆ, ಅವರ ನಾಯಕರು ಮೊದಲು ನೋಡಿದ್ದು ನಕಾಶೆಯನ್ನು. ಕೇರಳದವರೆಗೆ ತುಂಡಾಗದೆ ಹಬ್ಬಿದ ಘಟ್ಟ, ವರ್ಷದಲ್ಲಿ ನಾಲ್ಕು ತಿಂಗಳು ಯಾರೂ ಕಾಲಿಡದ ಕಾಡು. ಜನರ ಸಂಕಟ ಕಣ್ಣಿಗೆ ಬಿದ್ದದ್ದು ಆಮೇಲೆ. ಆದರೆ ಬಂದು ನೋಡಿದಾಗ ಸಂಕಟ ಅಲ್ಲಿ ಸಿದ್ಧವಾಗಿತ್ತು, ಅದನ್ನು ಅವರು ಹುಟ್ಟಿಸಬೇಕಾಗಿರಲಿಲ್ಲ.

ಆ ಸಂಕಟ ಯಾವುದು?

ಕುದುರೆಮುಖ ರಾಷ್ಟ್ರೀಯ ಉದ್ಯಾನ. ಮೊದಲ ಅಧಿಸೂಚನೆ ಹೊರಟದ್ದು 1987ರಲ್ಲಿ, ಅಂತಿಮ ಅಧಿಸೂಚನೆ 2001ರಲ್ಲಿ. ಸುಮಾರು 600 ಚದರ ಕಿಲೋಮೀಟರ್ ಕಾಡು. ಸಿಂಗಳೀಕಗಳ ನೆಲೆ, ತುಂಗೆ, ಭದ್ರೆ, ನೇತ್ರಾವತಿಯರ ಉಗಮ. ಅದನ್ನು ಉಳಿಸಬೇಕಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಗೆರೆಯೊಳಗೆ ಮಲೆಕುಡಿಯರು, ಗೌಡಲು ಸಮುದಾಯದವರು, ಸಣ್ಣಪುಟ್ಟ ಗದ್ದೆ ತೋಟದವರು ಬದುಕುತ್ತಿದ್ದರು. ರಾಮಪತ್ರೆ, ಸೀಗೆಕಾಯಿ, ಜೇನು ತಂದು ಮಾರಿ ಉಪ್ಪು, ಸೀಮೆಎಣ್ಣೆ ಕೊಳ್ಳುತ್ತಿದ್ದ ಮನೆಗಳು. ಒಂದು ಬೆಳಿಗ್ಗೆ ಅವರೆಲ್ಲ ಒತ್ತುವರಿದಾರರಾದರು.

ಜನರನ್ನು ಚುಚ್ಚಿದ್ದು ಒಕ್ಕಲೆಬ್ಬಿಸುವ ಭಯವೊಂದೇ ಅಲ್ಲ. ಅದೇ ಕುದುರೆಮುಖದಲ್ಲಿ 1976ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ಗುಡ್ಡ ಕಡಿದು ಅದಿರು ತೆಗೆದು, ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ ಅದು ನಿಂತದ್ದು 2005ರ ಕೊನೆಗೆ. ಅಲ್ಲಿಯವರೆಗೆ ಗುಡ್ಡ ಅಗೆಯುವವರಿಗೆ ಪರವಾನಗಿ, ಸೌದೆ ಆರಿಸುವವರಿಗೆ ನೋಟಿಸು. ಇದನ್ನು ಅರ್ಥ ಮಾಡಿಕೊಳ್ಳಲು ಮಾರ್ಕ್ಸ್‌ನನ್ನು ಓದಬೇಕಾಗಿಲ್ಲ.

ಹಾಗಾದರೆ ಬಡತನವೇ ಕಾರಣ ಎನ್ನಬಹುದೇ?

ಬೇಡ. ಬಡತನವೇ ಕಾರಣವಾಗಿದ್ದರೆ ಇದಕ್ಕಿಂತ ಬಡತನ ಕಂಡ ಎಷ್ಟೋ ತಾಲೂಕುಗಳು ಎಂದೋ ಹೊತ್ತಿ ಉರಿಯಬೇಕಿತ್ತು. ಇನ್ನೊಂದು ಕಡೆಯಿಂದ ನೋಡಿ: ಮಲೆನಾಡಿನ ನಕ್ಸಲ್ ತಂಡ ಕಟ್ಟಿದ ಸಾಕೇತ್ ರಾಜನ್ ಮೈಸೂರಿನ ಸೇನಾಧಿಕಾರಿಯೊಬ್ಬರ ಮಗ, ದೆಹಲಿಯಲ್ಲಿ ಪತ್ರಿಕೋದ್ಯಮ ಓದಿದವರು, ಕರ್ನಾಟಕದ ಚರಿತ್ರೆ ಬರೆದವರು. ಹಸಿವಿನಿಂದ ಕಾಡು ಸೇರಿದವರಲ್ಲ.

ಕೇಂದ್ರದ ಯೋಜನಾ ಆಯೋಗ ನೇಮಿಸಿದ್ದ ಡಿ. ಬಂದೋಪಾಧ್ಯಾಯ ಸಮಿತಿ 2008ರಲ್ಲಿ ಕೊಟ್ಟ ವರದಿಯೂ ಬಡತನಕ್ಕೆ ನಿಲ್ಲುವುದಿಲ್ಲ. ಭೂಮಿ, ಕಾಡಿನ ಹಕ್ಕು, ಎತ್ತಂಗಡಿ, ಆಡಳಿತದ ದರ್ಪ, ಇವನ್ನೆಲ್ಲ ಸೇರಿಸಿ ನೋಡುತ್ತದೆ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ, ಗಂಜಿ ಕುಡಿದು ಬದುಕಿದವರು ಯಾರೂ ಅದಕ್ಕಾಗಿ ಬಂದೂಕು ಹಿಡಿಯಲಿಲ್ಲ. ಕಚೇರಿಯ ಬಾಗಿಲಲ್ಲಿ ಇಡೀ ದಿನ ನಿಲ್ಲಿಸಿ, ‘ನಾಳೆ ಬಾ’ ಅಂತ ಏಕವಚನದಲ್ಲಿ ಕಳಿಸಿದ್ದನ್ನು ಮರೆಯಲಿಲ್ಲ.

ಅದೇ ನೋಟಿಸು ಸಾವಿರಾರು ಮನೆಗೆ ಬಂತು. ಕಾಡು ಸೇರಿದವರು ಬೆರಳೆಣಿಕೆಯ ಮಂದಿ. ಅವರೇ ಯಾಕೆ?

ಇದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಇದನ್ನು ಕೇಳುವವರು ಕಡಿಮೆ.

ಸಂಕಟ ಹುಲ್ಲಿನ ಬಣವೆ ಇದ್ದಂತೆ, ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಯಾರೋ ಒಬ್ಬರು ಮನೆಗೆ ಬರಬೇಕು. ಬಂದವರು ಜಗಲಿಯ ಮೇಲೆ ಕೂತು, ಇಷ್ಟು ವರ್ಷ ಯಾವ ಅಧಿಕಾರಿಯೂ ಕೇಳದ ಹಾಗೆ ಕಷ್ಟ ಕೇಳಬೇಕು. ನಿನ್ನ ಕಷ್ಟಕ್ಕೆ ನಿನ್ನ ಹಣೆಬರಹ ಕಾರಣವಲ್ಲ, ಇಂಥವರು ಕಾರಣ ಎಂದು ಬೆರಳು ತೋರಿಸಬೇಕು. ಹೀಗೆ ಕಾಡು ಸೇರಿದ ಮುಂಡಗಾರು ಲತಾ ಶೃಂಗೇರಿ ತಾಲೂಕಿನ ಹುಡುಗಿ. ಉದ್ಯಾನದ ವಿರುದ್ಧದ ಹೋರಾಟದ ಕಾಲದಲ್ಲೇ ಚಳವಳಿಯ ನಂಟು ಬೆಳೆದದ್ದು. ಮೊದಲು ಸಭೆ, ಹಾಡು, ಮೆರವಣಿಗೆ. ಆಮೇಲೆ ಪೊಲೀಸರು ಹೆಸರು ಬರೆದುಕೊಳ್ಳುತ್ತಾರೆ, ಮನೆಗೆ ಬರುತ್ತಾರೆ, ಅಣ್ಣನನ್ನೋ ಅಪ್ಪನನ್ನೋ ಠಾಣೆಗೆ ಕರೆಸುತ್ತಾರೆ. ಮನೆಯಲ್ಲಿ ಇರಲಾಗದೆ ಹೋದಾಗ ಕಾಡಿನ ದಾರಿ ಮಾತ್ರ ತೆರೆದಿರುತ್ತದೆ. ಎಷ್ಟೋ ಮಂದಿ ಸಿದ್ಧಾಂತಕ್ಕಿಂತ ಹೆಚ್ಚಾಗಿ ಈ ಕೊನೆಯ ಮೆಟ್ಟಿಲಲ್ಲಿ ಜಾರಿದವರು.

ಶರಣಾದವರಲ್ಲಿ ಕಳಸದ ಕಡೆಯ ಬಾಳೆಹೊಳೆಯ ವನಜಾಕ್ಷಿ ಹಿಂದೆ ಗ್ರಾಮ ಪಂಚಾಯಿತಿಗೆ ಆರಿಸಿ ಬಂದಿದ್ದವರು. ಪಂಚಾಯಿತಿ ಕುರ್ಚಿಯಲ್ಲಿ ಕೂತು ನೋಡಿದವರೂ ಎದ್ದು ಕಾಡಿಗೆ ಹೋದರು ಎಂಬುದನ್ನು ನಾನು ಆಗಾಗ ನೆನೆಯುತ್ತೇನೆ.

ಕಾರಣ ಹುಡುಕುವುದೆಂದರೆ ಕೊಲೆಯನ್ನು ಸಮರ್ಥಿಸಿದಂತೆ ಅಲ್ಲವೇ?

ಅಲ್ಲ. ಡಾಕ್ಟರು ಜ್ವರದ ಮೂಲ ಹುಡುಕಿದರೆ ಜ್ವರದ ಪರ ಅಂತಲ್ಲ.

ಕೊಂದದ್ದನ್ನು ಕೊಂದದ್ದು ಅಂತಲೇ ಹೇಳಬೇಕು. 2005ರ ಫೆಬ್ರವರಿ 6ರಂದು ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯ ಬಲ್ಲಿಗೆ ಬಳಿ ಪೊಲೀಸರ ಗುಂಡಿಗೆ ಸತ್ತರು. ಐದು ದಿನ ಕಳೆಯುವುದರೊಳಗೆ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯಲ್ಲಿ, ಶಾಲೆಯಲ್ಲಿ ಮಲಗಿದ್ದ ಮೀಸಲು ಪೊಲೀಸರ ಮೇಲೆ ರಾತ್ರಿ ದಾಳಿ ನಡೆಯಿತು. ಸತ್ತವರು ಕುದುರೆಮುಖದ ನೋಟಿಸು ಬರೆದವರಲ್ಲ, ಸಂಬಳಕ್ಕೆ ದುಡಿಯುವ ಹಳ್ಳಿ ಹುಡುಗರು. 2008ರ ಮೇ ತಿಂಗಳಲ್ಲಿ, ವಿಧಾನಸಭೆ ಚುನಾವಣೆಯ ಹೊತ್ತಿಗೆ, ಹೆಬ್ರಿ ಬಳಿಯ ಸೀತಾನದಿಯಲ್ಲಿ ಶಾಲೆಯ ಮೇಷ್ಟ್ರೊಬ್ಬರನ್ನೂ ಅವರ ಜೊತೆಗಿದ್ದ ಇನ್ನೊಬ್ಬರನ್ನೂ ಗುಂಡಿಟ್ಟು ಕೊಂದರು. ಮಾಹಿತಿದಾರ ಎಂಬ ಹಣೆಪಟ್ಟಿ ಹಚ್ಚಿ ಕೊಂದ ಊರಿನವರು ಬೇರೆ ಇದ್ದಾರೆ. ಯಾರ ಪರವಾಗಿ ಹೋರಾಟ ಅಂದರೋ ಅವರನ್ನೇ.

ಊರಿನ ಜನ ಯಾರ ಪರ ಇದ್ದರು?

ಬೆಳಗಾಗುವುದರ ಪರ.

ಒಂಟಿ ಮನೆ ಅಂದುಕೊಳ್ಳಿ. ಪಕ್ಕದ ಮನೆಗೆ ಹೋಗಬೇಕೆಂದರೆ ಹಳ್ಳ ದಾಟಬೇಕು, ಹಳ್ಳಕ್ಕೆ ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಕಾಲುಸಂಕ. ರಾತ್ರಿ ಊಟದ ಹೊತ್ತು ದಾಟಿದೆ, ಚಿಮಣಿ ಆರಿಸಬೇಕು ಅನ್ನುವಷ್ಟರಲ್ಲಿ ನಾಯಿ ಬೊಗಳುತ್ತದೆ. ಅಂಗಳದಲ್ಲಿ ಏಳೆಂಟು ಮಂದಿ, ಹಸಿರು ಬಟ್ಟೆ, ಹೆಗಲಲ್ಲಿ ಬಂದೂಕು. ‘ಅಮ್ಮಾ, ಹೆದರಬೇಡಿ. ಅನ್ನ ಮಾಡಿ ಕೊಡಿ, ಅಕ್ಕಿ ಇದ್ದರೆ ಸ್ವಲ್ಪ ಕಟ್ಟಿಕೊಡಿ, ದುಡ್ಡು ಕೊಡ್ತೀವಿ.’ ಮಾತು ಮೆತ್ತಗೆ, ಆದರೆ ಬಂದೂಕು ಇಳಿಸಿಲ್ಲ. ಕೊಡುವುದಿಲ್ಲ ಅನ್ನಲು ಯಾರಿಗೆ ಎದೆಯಿದೆ? ಅದೂ ಅಲ್ಲದೆ ಹಸಿದು ಬಂದವರಿಗೆ ಇಲ್ಲ ಅನ್ನುವ ರೂಢಿ ಆ ಮನೆಗಳಲ್ಲಿಲ್ಲ.

ಎರಡು ದಿನ ಬಿಟ್ಟು ಕೂಂಬಿಂಗಿನವರು, ಅಂದರೆ ಕಾಡು ಜಾಲಾಡುವ ಪೊಲೀಸರು, ಬರುತ್ತಾರೆ. ‘ಯಾಕೆ ಅನ್ನ ಹಾಕಿದಿ? ಎಷ್ಟು ಜನ ಇದ್ರು? ಯಾವ ಕಡೆ ಹೋದ್ರು?’ ಹೇಳಿದರೆ ಮುಂದಿನ ಸಲ ಅವರು ಬಂದು ‘ಯಾಕೆ ಹೇಳಿದಿ’ ಅನ್ನುತ್ತಾರೆ. ಹೇಳದಿದ್ದರೆ ಇವರ ಜೀಪು ಹತ್ತಬೇಕು. ಸಂತೆಗೆ ಹೋದ ಹೆಂಗಸು ಎರಡು ಕೆ.ಜಿ. ಅಕ್ಕಿ ಹೆಚ್ಚು ಕೊಂಡರೂ ಯಾರಿಗೆ ಅಂತ ಲೆಕ್ಕ ಕೊಡಬೇಕಾದ ಕಾಲ ಅದು. ಇಂಥ ಮನೆಯ ಹುಡುಗ ಯಾವ ಕಡೆ ವಾಲಿದ ಎಂಬುದು ಅನೇಕ ಸಲ ಯಾವ ಕಡೆಯವರು ಅವನ ಅಪ್ಪನ ಮೇಲೆ ಮೊದಲು ಕೈಮಾಡಿದರು ಎಂಬುದರ ಮೇಲೆ ನಿಂತಿತ್ತು.

ಕೊನೆಗೆ ಪೊಲೀಸರೇ ಮುಗಿಸಿದರಲ್ಲ? ಮಾತುಕತೆ, ಹಕ್ಕುಪತ್ರ ಎಲ್ಲ ಸುಮ್ಮನೆ ಮಾತಲ್ಲವೇ?

ಪೊಲೀಸರ ಪಾಲು ಇಲ್ಲ ಅನ್ನುವುದು ಸುಳ್ಳು. 2005ರಲ್ಲಿ ಹುಟ್ಟಿದ ನಕ್ಸಲ್ ನಿಗ್ರಹ ಪಡೆ ಕಾರ್ಕಳವನ್ನು ನೆಲೆ ಮಾಡಿಕೊಂಡು ಇಪ್ಪತ್ತು ವರ್ಷ ಮಳೆ, ಉಂಬಳ, ಜಾರುಗುಡ್ಡ ಲೆಕ್ಕಿಸದೆ ಕಾಡು ಸುತ್ತಿತು. ಒತ್ತಡ ಇಲ್ಲದಿದ್ದರೆ ಯಾರೂ ಸುಮ್ಮನೆ ಇಳಿದು ಬರುತ್ತಿರಲಿಲ್ಲ. 2024ರ ನವೆಂಬರ್ 18ರಂದು ಹೆಬ್ರಿ ತಾಲೂಕಿನ ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತ ಮೇಲೆ ಉಳಿದವರಿಗೆ ದಾರಿ ಮುಚ್ಚಿತು ಎಂಬುದೂ ನಿಜ. ಆ ಎನ್‌ಕೌಂಟರ್ ಬಗ್ಗೆ ಎದ್ದ ಪ್ರಶ್ನೆಗಳೂ ನಿಜ. ಶರಣಾದವರ ಬೇಡಿಕೆಗಳಲ್ಲಿ ಅದರ ನ್ಯಾಯಾಂಗ ತನಿಖೆಯೂ ಒಂದು.

ಆದರೆ ಇಪ್ಪತ್ತು ವರ್ಷದ ಲೆಕ್ಕ ಹಾಕಿ ನೋಡಿ. ಈದು, ಬಲ್ಲಿಗೆ, 2007ರ ಜುಲೈನಲ್ಲಿ ಐವರು ಸತ್ತ ಮೆಣಸಿನಹಾಡ್ಯದ ಕಡೆಯ ಘಟನೆ: ಪ್ರತಿಯೊಂದರ ನಂತರವೂ ‘ಇಲ್ಲಿಗೆ ಮುಗಿಯಿತು’ ಅಂದರು, ಮುಗಿಯಲಿಲ್ಲ. ಹೊಸಬರು ಸೇರುವುದು ನಿಂತ ಮೇಲೆ ಮುಗಿಯಿತು. ಅದು ಯಾಕೆ ನಿಂತಿತು? ಮಕ್ಕಳು ಹಾಸ್ಟೆಲಿನಲ್ಲಿ ಓದಿ ಮಂಗಳೂರು, ಬೆಂಗಳೂರಿಗೆ ಕೆಲಸಕ್ಕೆ ಹೋದರು. ಕೆಲವೆಡೆ ರಸ್ತೆ ಬಂತು, ಒಕ್ಕಲೆಬ್ಬಿಸುವ ಬಿರುಸು ತಗ್ಗಿತು. ಊರವರನ್ನೇ ಕೊಂದದ್ದು ಜನರ ಮನಸ್ಸಿನಿಂದ ಹೋಗಲಿಲ್ಲ. ಜೊತೆಗೆ ಒಳಗಿನಿಂದಲೇ ಒಂದು ದನಿ ಎದ್ದಿತ್ತು. ಮಲೆನಾಡಿನಲ್ಲಿ ಗೆರಿಲ್ಲಾ ಯುದ್ಧಕ್ಕೆ ನೆಲ ಹದವಾಗಿಲ್ಲ, ಇದು ಜನರಿಂದ ದೂರವಾಗುವ ದಾರಿ ಎಂದು ವಾದಿಸಿದ ಗುಂಪು 2006ರ ಸುಮಾರಿಗೇ ಮಾವೋವಾದಿ ಪಕ್ಷ ಬಿಟ್ಟು ಹೊರಬಂದಿತ್ತು. ಕಾಡಿನಲ್ಲಿ ಕೂತು ತಮ್ಮವರಿಗೇ ‘ಇದು ತಪ್ಪು’ ಅನ್ನುವುದಕ್ಕೆ ಬೇಕಾದ ಎದೆಗಾರಿಕೆಯನ್ನು ನಾವು ಸಾಕಷ್ಟು ಗುರುತಿಸಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ‘ನಕ್ಸಲರು ಬಂದ ಮೇಲೆ ನಮ್ಮೂರಿಗೆ ರಸ್ತೆ ಬಂತು’ ಅಂತ ಜನ ನಗುತ್ತಾ ಹೇಳುವುದುಂಟು. ನಗುವ ಮಾತಲ್ಲ ಅದು. ಹತ್ತು ವರ್ಷ ಅರ್ಜಿ ಕೊಟ್ಟವನಿಗೆ ಸಿಗದ್ದು ಬಂದೂಕಿನ ಸದ್ದಿಗೆ ಸಿಕ್ಕರೆ, ಸರ್ಕಾರ ತನಗೇ ಗೊತ್ತಿಲ್ಲದೆ ಊರಿಗೆಲ್ಲ ಒಂದು ಪಾಠ ಹೇಳಿಕೊಟ್ಟಂತೆ.

ಕಾಡಿನಿಂದ ಇಳಿದು ಬರುವುದು ಹೇಗೆ ಸಾಧ್ಯವಾಯಿತು? ನಡುವೆ ಯಾರಿದ್ದರು?

ಈ ಇಡೀ ಕಥೆಯಲ್ಲಿ ಬೇರೆ ರಾಜ್ಯದವರು ನೋಡಿ ಕಲಿಯಬೇಕಾದದ್ದು ಏನಾದರೂ ಇದ್ದರೆ ಇದು.

ಕಾಡಿನಲ್ಲಿರುವವನಿಗೆ ಪೊಲೀಸರ ಮಾತಿನ ಮೇಲೆ ನಂಬಿಕೆಯಿಲ್ಲ, ಇಳಿದು ಬಂದರೆ ದಾರಿಯಲ್ಲೇ ಹೊಡೆಯುತ್ತಾರೆ ಎಂಬ ಭಯ. ಪೊಲೀಸರಿಗೆ ಅವನ ಮೇಲೆ ನಂಬಿಕೆಯಿಲ್ಲ. ಇಬ್ಬರೂ ನಂಬುವ ಮೂರನೆಯವರು ಬೇಕು. 2014ರ ಡಿಸೆಂಬರಿನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಜುಲ್ಫಿಕರ್ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದಾಗ ಹಾಗೆ ನಡುವೆ ನಿಂತವರು ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ವಕೀಲ ಎ.ಕೆ. ಸುಬ್ಬಯ್ಯ, ಪತ್ರಕರ್ತೆ ಗೌರಿ ಲಂಕೇಶ್. ತೊಂಬತ್ತು ದಾಟಿದ ಗಾಂಧಿವಾದಿ ಬಂದೂಕು ಹಿಡಿದವರಿಗೆ ಜಾಮೀನು ನಿಂತಂತೆ. ಅವರಿಗೆ ಅದರಿಂದ ಲಾಭವೇನೂ ಇರಲಿಲ್ಲ, ಬೈಗುಳ ಮಾತ್ರ ಧಾರಾಳವಾಗಿ ಬಂತು.

ಎರಡನೇ ಸುತ್ತಿನಲ್ಲಿ ಸರ್ಕಾರವೇ ಬಂಜಗೆರೆ ಜಯಪ್ರಕಾಶ್, ಕೆ.ಪಿ. ಶ್ರೀಪಾಲ್, ಪಾರ್ವತೀಶ ಬಿಳಿದಾಳೆ ಅವರಿದ್ದ ಸಮಿತಿ ಮಾಡಿತು. 2025ರ ಜನವರಿ 8ರಂದು ಮುಂಡಗಾರು ಲತಾ, ಸುಂದರಿ ಕುತ್ಲೂರು, ವನಜಾಕ್ಷಿ ಬಾಳೆಹೊಳೆ, ಮಾರೆಪ್ಪ ಅರೋಲಿ, ತಮಿಳುನಾಡಿನ ವಸಂತ್, ಕೇರಳದ ಜೀಶಾ ಇಳಿದು ಬಂದರು. ಚಿಕ್ಕಮಗಳೂರಿನಲ್ಲಿ ಶರಣಾಗತಿ ಎಂದು ಕಾದಿದ್ದವರು ಕಾದೇ ಉಳಿದರು. ಕಾರ್ಯಕ್ರಮ ಬೆಂಗಳೂರಿಗೆ, ಮುಖ್ಯಮಂತ್ರಿಗಳ ಮುಂದಕ್ಕೆ ಹೋಯಿತು. ಮಲೆನಾಡಿನ ಕಣ್ಣೀರು ಒರೆಸುವುದಕ್ಕೂ ಬೆಂಗಳೂರಿನ ಕ್ಯಾಮೆರಾ ಬೇಕೇ ಅಂತ ಆ ದಿನ ನನಗೆ ಸ್ವಲ್ಪ ಸಿಟ್ಟು ಬಂದಿತ್ತು. ಆದರೆ ಆರು ಜೀವ ಉಳಿದವು.

ಬಂದೂಕು ಹಿಡಿದವರಿಗೆ ಲಕ್ಷಗಟ್ಟಲೆ ದುಡ್ಡು. ಸುಮ್ಮನಿದ್ದವರಿಗೆ?

ನ್ಯಾಯವಾದ ಸಿಟ್ಟು. ಶರಣಾದವರಿಗೆ ಸರ್ಕಾರ ಕೊಡುವ ಪ್ಯಾಕೇಜಿನಲ್ಲಿ ರಾಜ್ಯದವರಿಗೆ 7.5 ಲಕ್ಷ, ಹೊರ ರಾಜ್ಯದವರಿಗೆ 4 ಲಕ್ಷ ರೂಪಾಯಿ, ಅದೂ ಕಂತಿನಲ್ಲಿ. ಒಂದು ದಿನದ ಕೂಂಬಿಂಗ್‌ಗೆ ತಗಲುವ ಖರ್ಚಿನ ಮುಂದೆ ಇದು ದೊಡ್ಡದಲ್ಲ ಅನ್ನುವುದು ಸುಲಭದ ಉತ್ತರ. ಪಕ್ಕದ ಮನೆಯವನಿಗೆ ಅದು ಸಮಾಧಾನ ಕೊಡುವುದಿಲ್ಲ. ಅವನಿಗೆ ಹಕ್ಕುಪತ್ರ ಕೊಡುವುದೊಂದೇ ಸಮಾಧಾನ.

ದುಡ್ಡಿಗಿಂತ ದೊಡ್ಡ ತೊಡಕು ಕೇಸುಗಳದ್ದು. ಒಬ್ಬೊಬ್ಬರ ಮೇಲೆ ಮೂರು ನಾಲ್ಕು ಜಿಲ್ಲೆಯಲ್ಲಿ, ಕೇರಳದಲ್ಲಿ ಕೂಡ, ಹತ್ತಾರು ಕೇಸು. ಒಂದರಲ್ಲಿ ಜಾಮೀನು ಸಿಕ್ಕರೆ ಇನ್ನೊಂದರ ಬಾಡಿ ವಾರಂಟು (ಜೈಲಿನಲ್ಲಿರುವವರನ್ನು ಬೇರೆ ಕೋರ್ಟಿಗೆ ಹಾಜರು ಮಾಡಿ ಎಂಬ ಆದೇಶ) ಜೈಲಿನ ಬಾಗಿಲಲ್ಲಿ ಕಾದಿರುತ್ತದೆ. 2017ರಲ್ಲಿ ಶರಣಾದ ಮಹಿಳೆಯೊಬ್ಬರು ಆಮೇಲೆ ವರ್ಷಗಟ್ಟಲೆ ಜೈಲಿನಲ್ಲೇ ಉಳಿದರು. ಕಾಡಿನಲ್ಲಿದ್ದವರು ಅದನ್ನು ನೋಡುತ್ತಿರಲಿಲ್ಲವೇ? ಎಲ್ಲ ಕೇಸೂ ಒಂದೇ ವಿಶೇಷ ನ್ಯಾಯಾಲಯದಲ್ಲಿ ನಡೆಯಲಿ ಎಂದು 2025ರಲ್ಲಿ ಬಂದವರು ಕೇಳಿದ್ದು ಅದಕ್ಕೇ. ಕೇಸು ಬಿಡಿ ಅಂತಲ್ಲ, ಬೇಗ ಮುಗಿಸಿ ಅಂತ.

ಕ್ರಾಂತಿಯ ಪುಸ್ತಕ ಓದುವ ಹುಡುಗರನ್ನು ಪೊಲೀಸರು ಹಿಡಿಯಬೇಕಲ್ಲವೇ?

ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಒಬ್ಬ ಮಲೆಕುಡಿಯ ಹುಡುಗ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ. 2012ರ ಮಾರ್ಚ್‌ನಲ್ಲಿ ಅವನನ್ನೂ ಅವನ ತಂದೆಯನ್ನೂ ಬಂಧಿಸಿದರು. ಸಾಕ್ಷಿಯಾಗಿ ಹಾಜರು ಮಾಡಿದ್ದರಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ, ಊರಿಗೆ ಮೂಲ ಸೌಕರ್ಯ ಕೊಡುವವರೆಗೆ ಚುನಾವಣೆ ಬಹಿಷ್ಕರಿಸಿ ಎನ್ನುವ ಪತ್ರ ಇದ್ದವು. ಕೈಗೆ ಕೋಳ ಹಾಕಿಕೊಂಡೇ ಪರೀಕ್ಷೆ ಬರೆದ. ಜಿಲ್ಲಾ ನ್ಯಾಯಾಲಯ ತಂದೆ ಮಗ ಇಬ್ಬರನ್ನೂ ಖುಲಾಸೆ ಮಾಡಿದ್ದು 2021ರ ಅಕ್ಟೋಬರಿನಲ್ಲಿ. ಒಂಬತ್ತೂವರೆ ವರ್ಷ.

ಆ ಹುಡುಗ ಸಿಟ್ಟಿನಿಂದ ಕಾಡಿಗೆ ಹೋಗಲಿಲ್ಲ, ಪತ್ರಕರ್ತನಾದ. ಅದು ಅವನ ದೊಡ್ಡತನ, ವ್ಯವಸ್ಥೆಯದ್ದಲ್ಲ. ಓದುವವನನ್ನು ಹಿಡಿದರೆ ಓದದೆ ಬಂದೂಕು ಹಿಡಿದವನಿಗೆ ಅನುಕೂಲ.

ಬೇರೆ ಬಗೆಯ ಉಗ್ರವಾದಕ್ಕೂ ಇದೇ ಮದ್ದೇ?

ಪೂರ್ತಿ ಅಲ್ಲ. ನಕ್ಸಲರೊಡನೆ ಮಾತಾಡಲು ಕಾಡಿಗೆ ಹೋಗಿ ಬಂದಿದ್ದ, ಅವರನ್ನು ಹೊರತರಲು ಓಡಾಡಿದ ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ಅವರ ಮನೆಯ ಬಾಗಿಲಲ್ಲೇ ಕೊಂದದ್ದು ನಕ್ಸಲರಲ್ಲ. ಹಿಂದುತ್ವದ ಹೆಸರಿನ ತೀವ್ರವಾದಿ ಗುಂಪಿನವರು ಎಂದು ಎಸ್‌ಐಟಿಯ ಆರೋಪಪಟ್ಟಿ ಹೇಳುತ್ತದೆ, ತೀರ್ಮಾನಿಸಬೇಕಾದದ್ದು ನ್ಯಾಯಾಲಯ. ಅಂಥ ಕಡೆ ಕಳೆದುಹೋದ ಗದ್ದೆಯಿಲ್ಲ, ಕೊಡಬೇಕಾದ ಹಕ್ಕುಪತ್ರವಿಲ್ಲ. ‘ನಮ್ಮ ಧರ್ಮಕ್ಕೆ ಕುತ್ತು ಬಂದಿದೆ, ನೀನೇ ಕಾಪಾಡಬೇಕು’ ಎಂದು ಒಬ್ಬ ಹುಡುಗನನ್ನು ನಂಬಿಸುವ ಗುರುವಿರುತ್ತಾನೆ. ಧರ್ಮ ಬೇರೆಯಾದರೂ ಈ ಮಾತು ಬದಲಾಗುವುದಿಲ್ಲ. ಜಗಲಿಯ ಮೇಲೆ ಬಂದು ಕೂರುವ ಆ ‘ಒಬ್ಬರು’ ಮಾತ್ರ ಎಲ್ಲ ಕಡೆಯೂ ಇದ್ದಾರೆ. ಈಗ ಜಗಲಿಯ ಬದಲು ಮೊಬೈಲಿನಲ್ಲಿ ಬರುತ್ತಾರೆ ಅಷ್ಟೆ.

ನಮ್ಮ ಮನೆಯ ಹುಡುಗ ಆ ಕಡೆ ವಾಲುತ್ತಿದ್ದಾನೆ ಅನಿಸಿದರೆ?

ವಾದಕ್ಕೆ ಇಳಿಯಬೇಡಿ, ವಾದದ ತರಬೇತಿ ಅವನಿಗೆ ನಿಮಗಿಂತ ಚೆನ್ನಾಗಿ ಆಗಿರುತ್ತದೆ. ಹಳೆಯ ಗೆಳೆಯರನ್ನು ಬಿಟ್ಟನೇ, ದುಡ್ಡಿನ ಲೆಕ್ಕ ತಪ್ಪುತ್ತಿದೆಯೇ, ಒಂದು ಜಾತಿ ಅಥವಾ ಧರ್ಮದವರನ್ನು ಹುಳಗಳೆಂಬಂತೆ ಮಾತಾಡುತ್ತಾನೆಯೇ ಗಮನಿಸಿ. ಅವನು ಮರ್ಯಾದೆ ಕೊಡುವ ಒಬ್ಬರು ಇದ್ದೇ ಇರುತ್ತಾರೆ: ಸೋದರಮಾವ, ಹೈಸ್ಕೂಲಿನ ಮೇಷ್ಟ್ರು, ಕಬಡ್ಡಿ ತಂಡದ ಅಣ್ಣ. ಅವರ ಕೈಯಲ್ಲಿ ಮಾತಾಡಿಸಿ. ಆಯುಧ, ಸ್ಫೋಟಕ, ಇಂಥವರನ್ನು ಮುಗಿಸಬೇಕು ಎಂಬ ಮಾತು ಕಿವಿಗೆ ಬಿದ್ದರೆ ಮಾತ್ರ ಕಾಯಬೇಡಿ, ವಕೀಲರೊಬ್ಬರನ್ನು ಜೊತೆಗಿಟ್ಟುಕೊಂಡು ಪೊಲೀಸರಿಗೆ ತಿಳಿಸಿ.

ಎಲ್ಲ ಮುಗಿದ ಮೇಲೆ ಈಗ ಉಳಿದದ್ದೇನು?

ಉಳಿದದ್ದು ಕಾಗದ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, 2005ರ ಡಿಸೆಂಬರ್ 13ಕ್ಕೆ ಮೊದಲು ಅನುಭವದಲ್ಲಿದ್ದ ಬುಡಕಟ್ಟಿನವರಿಗೆ 4 ಹೆಕ್ಟೇರ್‌ವರೆಗೆ ಹಕ್ಕಿದೆ. ಬುಡಕಟ್ಟಿಗೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದುದನ್ನು ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. ಸೋಗೆ ಮನೆಯಲ್ಲಿ, ಗೆದ್ದಲು ಮತ್ತು ಮಳೆಯ ನಡುವೆ, 1930ರ ಕಾಗದ! ಇದೇ ಕಾಯ್ದೆಯಲ್ಲಿ ಇನ್ನೊಂದು ಅನುಕೂಲವಿದೆ: ಗ್ರಾಮಸಭೆ ಒಪ್ಪಿದರೆ ರಸ್ತೆ, ಶಾಲೆ, ಕುಡಿಯುವ ನೀರಿನಂಥ ಕೆಲಸಕ್ಕೆ ಪ್ರತಿಯೊಂದಕ್ಕೂ 1 ಹೆಕ್ಟೇರಿಗಿಂತ ಕಡಿಮೆ ಕಾಡಿನ ಜಾಗ ಕೊಡಬಹುದು, ಹೆಕ್ಟೇರಿಗೆ 75 ಮರ ಮೀರಬಾರದು. ಕಾಲುಸಂಕದ ಜಾಗದಲ್ಲಿ ಸೇತುವೆ ಕೇಳುವವರು ಇದನ್ನು ಹಿಡಿದುಕೊಳ್ಳಬೇಕು.

ನಮ್ಮ ಅರ್ಜಿ ತಿರಸ್ಕಾರವಾಗಿದೆ. ಮುಂದೆ ಏನು ಮಾಡುವುದು?

ನನಗೆ ಬರುವ ಫೋನುಗಳಲ್ಲಿ ಈಗ ಹೆಚ್ಚಿನವು ಇದಕ್ಕೇ. ತಿರಸ್ಕಾರಕ್ಕೆ ಕಾರಣ ಬರೆದುಕೊಡಿ ಎಂದು ಕೇಳಿ, ಬಾಯಿಮಾತಿಗೆ ಒಪ್ಪಬೇಡಿ. ಗ್ರಾಮಸಭೆಯ ತೀರ್ಮಾನದ ಮೇಲೆ 60 ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಯೂ ಆಗದಿದ್ದರೆ ಇನ್ನು 60 ದಿನದೊಳಗೆ ಜಿಲ್ಲಾ ಮಟ್ಟದ ಸಮಿತಿಗೆ ಮೇಲ್ಮನವಿ ಹಾಕಬಹುದು. ಊರಿನ ಹಿರಿಯರ ಲಿಖಿತ ಹೇಳಿಕೆಯನ್ನೂ ಸಾಕ್ಷಿಯಾಗಿ ನಿಯಮ ಒಪ್ಪುತ್ತದೆ, ಹಳೆಯ ಬಾವಿ, ಸಮಾಧಿ, ದೈವದ ಕಲ್ಲಿನಂಥ ಗುರುತುಗಳನ್ನೂ. ಹಿರಿಯರಿಗೆ ನೆನಪು ಇರುವಾಗಲೇ ಬರೆಸಿಕೊಳ್ಳಿ. ಅರ್ಜಿಯ ಪ್ರತಿಗೆ ತಾರೀಕು ಹಾಕಿಸಿ, ಸೀಲು ಹೊಡೆಸಿಕೊಂಡೇ ಕಚೇರಿಯಿಂದ ಹೊರಗೆ ಬನ್ನಿ.